ಸಂಸದರಿಗೆ ಅವಧಿ ಮಿತಿಯೋ, ವಾಪಸ್ ಕರೆಯುವ ಹಕ್ಕೋ?

ಕಲಬುರಗಿಯ ಕಾಲೇಜು ಚರ್ಚೆಗೆ ಯಾವ ಕಡೆ ನಿಲ್ಲಲಿ ಅಂತ ಕೇಳಿದ್ದೀರಿ: ಒಬ್ಬರು ಇಷ್ಟೇ ಸಲ ಸಂಸದರಾಗಬಹುದು ಅನ್ನೋ ಅವಧಿ ಮಿತಿಯ ಕಡೆಯೋ, ಗೆದ್ದವರನ್ನು ಮತದಾರರೇ ನಡುವೆ ಇಳಿಸುವ ವಾಪಸ್ ಕರೆಯುವ ಹಕ್ಕಿನ ಕಡೆಯೋ?

ಅನುಭವ ಹಾಳಾಗುತ್ತದೆ ಅನ್ನೋದು ಮಿತಿಯ ಮೇಲಿನ ದೊಡ್ಡ ದೂರು. ಆದರೆ ಮಲ್ಲಿಕಾರ್ಜುನ ಖರ್ಗೆಯವರು 2009ರಲ್ಲಿ ಮೊದಲ ಸಲ ಲೋಕಸಭೆಗೆ ಹೋಗುವಾಗಲೇ ಸತತ 9 ಸಲ ಶಾಸಕರಾಗಿದ್ದರು. ಆ ಮೊದಲ ಲೋಕಸಭಾ ಅವಧಿಯಲ್ಲೇ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಸಿಕ್ಕಿತು. ಪಳಗಲು ವಿಧಾನಸಭೆಯೂ ಇದೆ, ಅಲ್ವಾ?

ಹೊಸಬರು ಬರಲಿ ಅನ್ನೋದಾದರೆ ಮಿತಿಯೇ ಸರಿ. ಆದರೂ ಎಚ್ಚರ: ಫಿಲಿಪ್ಪೀನ್ಸ್‌ನಲ್ಲಿ ಸತತ ಮೂರು ಅವಧಿಯ ಮಿತಿಯಿದೆ, ಎಷ್ಟೋ ಕಡೆ ಕುರ್ಚಿ ಮನೆಯವರಿಗೇ ಹೋಗುತ್ತದೆ.

ಗೆದ್ದವರು ಊರ ಕಡೆ ತಲೆ ಹಾಕುವುದಿಲ್ಲ ಅನ್ನೋ ಸಿಟ್ಟಿಗೆ ವಾಪಸ್ ಕರೆಯುವ ಹಕ್ಕೇ ಮದ್ದು. ಬ್ರಿಟನ್ನಿನ 2015ರ ಕಾನೂನಿನಲ್ಲಿ, ಸಂಸದರು ತಪ್ಪಿತಸ್ಥರಾದ ಮೇಲೆ, ಆರು ವಾರದಲ್ಲಿ 10% ಮತದಾರರ ಸಹಿ ಬೇಕು. ಕಲಬುರಗಿ ಲೋಕಸಭಾ ಕ್ಷೇತ್ರದಲ್ಲಿ ಅದು ಸುಮಾರು ಎರಡು ಲಕ್ಷ ಸಹಿ. ಜನ ಪುಣೆ, ಮುಂಬೈಗೆ ಗುಳೆ ಹೋದ ತಿಂಗಳಲ್ಲಿ ಯಾರು ಹಾಕುತ್ತಾರೆ?