ಬೆಳಗಿನ ಜಾವ ಏಳುವ ನಾಯಿಮರಿ: ಯುಟಿಲಿಟಿ, ಪ್ಲೇಪೆನ್, ಕ್ರೇಟ್, ಯಾವುದು ಮೇಲು?

ನಾಲ್ಕೂವರೆಗೇ ಎದ್ದು ಕುಂಯ್‌ಗುಟ್ಟುವ ಮರಿ ಮನೆಯಲ್ಲಿದ್ದರೆ ಮಂಚದ ಪಕ್ಕ ಒಂದು ತಂತಿಯ ಕ್ರೇಟ್ (ನಾಯಿ ಮಲಗುವ ಗೂಡು) ಇಡಿ, ಮರಿ ಏಳುವುದಕ್ಕಿಂತ ಸ್ವಲ್ಪ ಮುಂಚೆ ನೀವೇ ಏಳಿ. ಯುಟಿಲಿಟಿಯಲ್ಲಿ, ಅಂದರೆ ಬಟ್ಟೆ ಪಾತ್ರೆ ತೊಳೆಯುವ ಜಾಗದಲ್ಲಿ, ಮಲಗಿಸಿ ನೋಡಿದ್ದೇವೆ, ಹಾಲ್‌ನಲ್ಲಿ ಪ್ಲೇಪೆನ್ (ಮರಿ ಆಡುವ ಬೇಲಿ) ಹಾಕಿಯೂ ನೋಡಿದ್ದೇವೆ. ಮನೆಮಂದಿಗೆಲ್ಲ ನಿದ್ದೆ ಸಿಕ್ಕಿದ್ದು ಕ್ರೇಟ್ ಬಂದ ಮೇಲೆಯೇ.

ನಮ್ಮದು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಎರಡು ಬೆಡ್‌ರೂಮ್ ಫ್ಲ್ಯಾಟ್. ನಾನು, ನಮ್ಮ ಮನೆಯವರು, ಅಮ್ಮ. ಚುಕ್ಕಿ ಬೀದಿನಾಯಿಯ ಮರಿ, ಎರಡು ತಿಂಗಳು ತುಂಬಿದ ಮೇಲೆ ನಮ್ಮಲ್ಲಿಗೆ ಬಂದಳು. ಮಹಡಿಯ ವಿಷಯ ಯಾಕೆ ಹೇಳಿದೆ ಅಂದರೆ, ಲಸಿಕೆ ಪೂರ್ತಿ ಆಗುವವರೆಗೆ ಮರಿಯನ್ನು ಬೇರೆ ನಾಯಿಗಳು ಓಡಾಡುವ ಜಾಗದಲ್ಲಿ ನೆಲಕ್ಕೆ ಬಿಡುವ ಹಾಗಿಲ್ಲ. ಮರಿಗಳ ಜೀವ ತೆಗೆಯಬಲ್ಲ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಬಾಲ್ಕನಿಯಲ್ಲೇ ಒಂದು ಅಗಲದ ಟ್ರೇ ಇಟ್ಟು, ನರ್ಸರಿಯಿಂದ ಲಾನ್ ಹುಲ್ಲಿನ ತುಂಡು ತಂದು ಹಾಸಿದ್ದೆವು. ಅವಳ ಉಚ್ಚೆ, ಕಕ್ಕ ಎಲ್ಲಾ ಅಲ್ಲೇ.

ಯುಟಿಲಿಟಿಗೆ ಖರ್ಚೇನೂ ಇಲ್ಲ. ಬಾಗಿಲಿಗೆ ಅಡ್ಡ ಒಂದು ಹಲಗೆ, ನೆಲಕ್ಕೆ ಪೇಪರ್, ಮೂಲೆಯಲ್ಲಿ ಹಾಸಿಗೆ, ಮುಗಿಯಿತು. ತೊಳೆಯುವುದೂ ಸುಲಭ. ಆದರೆ ಅಪಾರ್ಟ್‌ಮೆಂಟಿನ ಯುಟಿಲಿಟಿ ಅಂದರೆ ಅರ್ಧ ಬಯಲು. ಗ್ರಿಲ್ಲಿನಲ್ಲಿ ಪಾರಿವಾಳ, ಕೆಳಗೆ ಸಂಪಿನ ಮೋಟಾರ್, ಎದುರು ಮನೆಯವರ ಪಾತ್ರೆ ಸದ್ದು, ಎಲ್ಲ ಐದರ ಒಳಗೇ ಶುರು. ಮೇ ತಿಂಗಳಲ್ಲಿ ಬೆಂಗಳೂರಿನ ಸೂರ್ಯ ಆರಕ್ಕೆ ಮೊದಲೇ ಹುಟ್ಟುತ್ತಾನೆ, ಐದೂವರೆಗೆಲ್ಲ ಬೆಳಕು ಒಳಗಿರುತ್ತದೆ. ಇದಕ್ಕಿಂತ ನನಗೆ ಸಂಕಟವಾಗಿದ್ದು ಬೇರೆ ವಿಷಯಕ್ಕೆ. ತಾಯಿಯ ಮೈಗೆ ಒತ್ತಿಕೊಂಡು ಮಲಗುತ್ತಿದ್ದ ಜೀವವನ್ನು ಒಂಟಿಯಾಗಿ ತಣ್ಣನೆ ನೆಲದಲ್ಲಿ ಬಿಟ್ಟರೆ ಅದು ಅಳದೆ ಇನ್ನೇನು ಮಾಡೀತು? ಅತ್ತು ಅತ್ತು ಸುಸ್ತಾಗಿ ಮಲಗಿದ ಮರಿ ಬೆಳಿಗ್ಗೆ ಇನ್ನೂ ಬೇಗ ಏಳುತ್ತದೆ. ದಿನಕ್ಕೆ 18 ಗಂಟೆ ನಿದ್ದೆ ಬೇಕಾಗುವ ವಯಸ್ಸು ಅದು. ದಣಿದಷ್ಟೂ ಹೆಚ್ಚು ಹೊತ್ತು ಮಲಗುತ್ತದೆ ಅನ್ನುವ ಲೆಕ್ಕ ಮರಿಗಳಿಗೆ ನಡೆಯುವುದಿಲ್ಲ.

ಆಮೇಲೆ ಪ್ಲೇಪೆನ್ ತರಿಸಿದೆವು. ಎಂಟು ಕಂಬಿಬಾಗಿಲುಗಳ ಬೇಲಿ, ಹಾಲ್‌ನಲ್ಲಿ ಟಿವಿ ಎದುರಿನ ಜಾಗವನ್ನೆಲ್ಲ ನುಂಗಿತು. ಹಗಲು ಹೊತ್ತು ಇದಕ್ಕೆ ಸಾಟಿಯಿಲ್ಲ. ನಾನು ಮೀಟಿಂಗ್‌ನಲ್ಲಿದ್ದಾಗ ಚುಕ್ಕಿ ಈಗಲೂ ಅದರಲ್ಲೇ ಆಡಿಕೊಂಡಿರುತ್ತಾಳೆ. ರಾತ್ರಿಯ ಮಟ್ಟಿಗೆ ಮಾತ್ರ ಅದು ನನಗೆ ಒಗ್ಗಲಿಲ್ಲ. ಅಷ್ಟು ಜಾಗ ಸಿಕ್ಕರೆ ಮರಿ ಒಂದು ಮೂಲೆಯಲ್ಲಿ ಉಚ್ಚೆ ಮಾಡಿ ಇನ್ನೊಂದು ಮೂಲೆಯಲ್ಲಿ ಮಲಗುತ್ತದೆ. ತಡೆದುಕೊಳ್ಳುವ ಅಭ್ಯಾಸ ಬೆಳೆಯುವುದೇ ಇಲ್ಲ. ನಮ್ಮ ಹಾಲ್ ದಾಟದೆ ಅಡುಗೆಮನೆಗೆ ಹೋಗಲಾಗದು ಅನ್ನುವುದು ಇನ್ನೊಂದು ತೊಡಕು. ಅಮ್ಮ ಐದಕ್ಕೆ ಏಳುತ್ತಾರೆ, ಕಾಫಿಗೆ ನೀರಿಡುತ್ತಾರೆ. ಅವರ ಬಳೆ ಸದ್ದಿಗೇ ಚುಕ್ಕಿ ಬೇಲಿಗೆ ಎರಡು ಕಾಲು ಕೊಟ್ಟು ನಿಲ್ಲುತ್ತಿದ್ದಳು.

"ಬಿಸ್ಕತ್ ಕೊಡಬೇಡಮ್ಮ, ನಾಳೆಯಿಂದ ಅದೇ ಹೊತ್ತಿಗೆ ಏಳ್ತಾಳೆ" ಅಂದೆ.

"ಹಸಿದಿರತ್ತೆ ಕಣೇ ಪಾಪ, ಅಷ್ಟು ಸಣ್ಣ ಹೊಟ್ಟೆ" ಅಂದರು ಅಮ್ಮ.

ಇಬ್ಬರ ಮಾತೂ ನಿಜ. ಅಷ್ಟು ಸಣ್ಣ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ ಬೇಕು, ಬೆಳಗಿನ ಹೊತ್ತಿಗೆ ಹಸಿವೂ ಇರುತ್ತದೆ. ಆದರೆ ಐದಕ್ಕೆ ಬಿಸ್ಕತ್ ಸಿಗುವ ಮನೆಯಲ್ಲಿ ಯಾವ ಮರಿಯೂ ಆರರವರೆಗೆ ಮಲಗುವುದಿಲ್ಲ. ಅಮ್ಮನ ಕಾಫಿಯ ಹೊತ್ತನ್ನು ಬದಲಿಸಲು ನನಗೆ ಇಷ್ಟವಿರಲಿಲ್ಲ, ಮರಿಯ ಜಾಗ ಬದಲಿಸುವುದೇ ಸರಿ ಅನ್ನಿಸಿತು.

ಹಾಗೆ ಬಂದದ್ದು ಕ್ರೇಟ್. 36 ಇಂಚಿನದು, ನಡುವೆ ತಡಿಕೆ ಹಾಕಿ ಜಾಗವನ್ನು ಚಿಕ್ಕದು ಮಾಡಬಹುದು. ಮರಿ ಎದ್ದು ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು, ಅಷ್ಟೇ ಜಾಗ ಸಾಕು. ಮಲಗಿದ ಜಾಗವನ್ನು ಗಲೀಜು ಮಾಡಲು ನಾಯಿಗೆ ಮನಸ್ಸಾಗುವುದಿಲ್ಲ, ಅದಕ್ಕೇ ಉಚ್ಚೆ ಬಂದರೆ ಕರೆಯುತ್ತದೆ. ಮಂಚದ ಪಕ್ಕದಲ್ಲೇ ಇರುವುದರಿಂದ ಯಾಕೆ ಕರೆಯುತ್ತಿದ್ದಾಳೆ ಅನ್ನುವುದೂ ಕಿವಿಗೆ ತಿಳಿಯುತ್ತದೆ. ಉಚ್ಚೆಗೆ ಎದ್ದಾಗ ಚಡಪಡಿಕೆ, ಸುತ್ತು ಹೊಡೆಯುವುದು, ಸಣ್ಣ ದನಿಯಲ್ಲಿ ಬಿಡದೆ ಕುಂಯ್‌ಗುಡುವುದು. ಬೇಜಾರಿಗಾದರೆ ಒಂದು ಬೊಗಳು, ಆಮೇಲೆ ಕಿವಿ ನಿಮಿರಿಸಿ ಕಾಯುವುದು. ಕೈ ಇಳಿಬಿಟ್ಟು ತಂತಿಗೆ ಬೆರಳು ತಾಗಿಸಿದರೆ ಮೂಸಿ ನೋಡಿ ಮತ್ತೆ ಮಲಗುತ್ತಿದ್ದಳು.

ಮಾರುವವರು ಯಾರೂ ಹೇಳದ ಒಂದು ಕಿರಿಕಿರಿ ಕ್ರೇಟ್‌ನಲ್ಲಿದೆ: ತಳದ ಟ್ರೇ. ತಂತಿಯ ಜಾಲರಿಯ ಮೇಲೆ ಪ್ಲಾಸ್ಟಿಕ್ ಟ್ರೇ ಸುಮ್ಮನೆ ಕೂತಿರುತ್ತದೆ, ಯಾವುದಕ್ಕೂ ಬಿಗಿದಿರುವುದಿಲ್ಲ. ಮಧ್ಯರಾತ್ರಿ ಗಾಢ ನಿದ್ದೆಯಲ್ಲಿ ತೊಂದರೆಯಿಲ್ಲ. ನಾಲ್ಕರ ನಂತರ ನಿದ್ದೆ ತೆಳುವಾದಾಗ ಮರಿ ಮಗ್ಗುಲು ಬದಲಿಸಿದರೆ ಟ್ರೇ ಜಾರಿ ತಂತಿಗೆ ಟಕ್ಕೆಂದು ಬಡಿಯುತ್ತದೆ. ತನ್ನದೇ ಸದ್ದಿಗೆ ಅದು ಬೆಚ್ಚಿ ಏಳುತ್ತದೆ. ಎದ್ದ ಮೇಲೆ ಉಚ್ಚೆಯ ನೆನಪಾಗುತ್ತದೆ. ಅಲ್ಲಿಗೆ ಬೆಳಗಾಯಿತು ಅಂತಲೇ ಲೆಕ್ಕ.

ಟ್ರೇ ಮೇಲೆ ಬೆಡ್‌ಶೀಟ್ ಹಾಸಿದರೆ ಚುಕ್ಕಿ ಅದನ್ನು ಕೆರೆದು ಒಂದು ಮೂಲೆಗೆ ಗುಡ್ಡೆ ಹಾಕುತ್ತಾಳೆ, ಅಂಚಿನ ದಾರ ಕಿತ್ತು ಅಗಿಯುತ್ತಾಳೆ. ದಾರ ಹೊಟ್ಟೆಗೆ ಹೋದರೆ ಕರುಳಿಗೆ ಸುತ್ತಿಕೊಳ್ಳುವ ಅಪಾಯವಿದೆ, ಇದರಲ್ಲಿ ಉದಾಸೀನ ಬೇಡ. ರಬ್ಬರ್ ಮ್ಯಾಟನ್ನೂ ಕಚ್ಚಿ ಚೂರು ಮಾಡಿದಳು. ಕೊನೆಗೆ ನಮ್ಮ ಮನೆಯವರು ಟ್ರೇಯನ್ನು ಪೂರ್ತಿ ಹೊರಗೆಳೆದು, ಹಳೇ ಜಮಖಾನವನ್ನು ಮಡಚಿ ಟ್ರೇಯ ಕೆಳಗೆ, ಜಾಲರಿಯ ಮೇಲೆ ಹಾಸಿದರು. ಮುಂದಿನ ಎರಡು ಮೂಲೆಗಳನ್ನು ಕೇಬಲ್ ಟೈನಿಂದ ತಂತಿಗೆ ಬಿಗಿದು, ಕತ್ತರಿಸಿದ ಚೂಪು ತುದಿಗಳನ್ನು ಮರಿಯ ಬಾಯಿಗೆ ಸಿಗದಂತೆ ಹೊರಕ್ಕೆ ತಿರುಗಿಸಿದರು. ಟಕಟಕ ಪೂರ್ತಿ ನಿಂತಿತು. ಜಮಖಾನ ಅವಳಿಗೆ ಎಟುಕುವುದೂ ಇಲ್ಲ.

ಅದೇ ದಿನ ಚಿಲಕಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟೆ, ಕತ್ತಲಲ್ಲಿ ತೆಗೆದರೂ ಕಿರುಗುಟ್ಟುವುದಿಲ್ಲ. ರಾತ್ರಿ ಕಾಲರ್ ಬಿಚ್ಚಿಡುತ್ತೇವೆ. ಅದರ ಗೆಜ್ಜೆ ತಂತಿಗೆ ಬಡಿಯುವುದು ತಪ್ಪಿತು ಅನ್ನುವುದು ಒಂದಾದರೆ, ಕಾಲರ್ ತಂತಿಗೆ ಸಿಕ್ಕಿಕೊಂಡು ಕತ್ತು ಬಿಗಿಯುವ ಭಯವೂ ಇಲ್ಲ.

ಇನ್ನು ಅಲಾರಂ. ಮರಿ ಸಾಮಾನ್ಯವಾಗಿ ಐದಕ್ಕೆ ಏಳುತ್ತದೆ ಅಂದರೆ ನಾಲ್ಕೂ ಮುಕ್ಕಾಲಿಗೆ ಫೋನ್ ಅನ್ನು ವೈಬ್ರೇಶನ್‌ಗೆ ಹಾಕಿ ದಿಂಬಿನ ಕೆಳಗಿಡಿ. ಎದ್ದು ದೀಪ ಹಾಕದೆ, ಮಾತಾಡದೆ, ಮುದ್ದು ಮಾಡದೆ ಎತ್ತಿಕೊಂಡು ಹೋಗಿ ಹುಲ್ಲಿನ ಮೇಲೆ ಬಿಡಿ. ಕೆಲಸ ಮುಗಿದ ಕೂಡಲೇ ತಂದು ಮಲಗಿಸಿ. ಅಳುವ ಮೊದಲೇ ಹೊಟ್ಟೆ ಖಾಲಿಯಾಗುವುದರಿಂದ, ಅತ್ತರೆ ಬಾಗಿಲು ತೆರೆಯುತ್ತದೆ ಅನ್ನುವ ಪಾಠ ಮರಿಗೆ ಸಿಗುವುದೇ ಇಲ್ಲ. ಕೆಲವು ದಿನ ಇದು ಸರಾಗವಾಗಿ ನಡೆದ ಮೇಲೆ ಅಲಾರಂ ಅನ್ನು ಹತ್ತು ನಿಮಿಷ ಮುಂದಕ್ಕೆ ತಳ್ಳುತ್ತಾ ಹೋಗಿ. ವಯಸ್ಸಿನ ಜೊತೆ ತಡೆದುಕೊಳ್ಳುವ ಶಕ್ತಿಯೂ ಬೆಳೆಯುತ್ತದೆ. ಹಗಲಿನ ಲೆಕ್ಕದಲ್ಲಿ ಎರಡು ತಿಂಗಳ ಮರಿ ಎರಡು ಮೂರು ಗಂಟೆ ತಡೆದೀತು, ರಾತ್ರಿ ಮಲಗಿದ್ದಾಗ ಅದಕ್ಕಿಂತ ಹೆಚ್ಚು. ಹನ್ನೊಂದಕ್ಕೆ ಮಲಗಿ ಐದಕ್ಕೆ ಎದ್ದ ಮರಿ ಹಟ ಮಾಡುತ್ತಿಲ್ಲ, ಅದಕ್ಕೆ ನಿಜವಾಗಿಯೂ ಅವಸರವಾಗಿರುತ್ತದೆ. ಹನಿ ಹನಿಯಾಗಿ ಪದೇ ಪದೇ ಉಚ್ಚೆ ಮಾಡುತ್ತಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ, ಅದು ಸೋಂಕಿರಬಹುದು.

ರಾತ್ರಿಯ ಊಟ ಏಳೂವರೆಗೆ ಕೊಟ್ಟಾಗ ನಮಗೆ ಸರಿಹೋಯಿತು. ಒಂಬತ್ತೂವರೆಗೆ ಕೊಟ್ಟರೆ ನಾಲ್ಕಕ್ಕೆ ಕಕ್ಕಕ್ಕೆ ಏಳುತ್ತಿದ್ದಳು. ಸೆಕೆಗಾಲದಲ್ಲಿ ನೀರು ತಪ್ಪಿಸಬೇಡಿ. ದಪ್ಪ ಪರದೆ ಒಳ್ಳೆಯದು, ಆದರೆ ಕ್ರೇಟನ್ನು ನಾಲ್ಕೂ ಕಡೆ ಮುಚ್ಚಬೇಡಿ, ಕರೆಂಟ್ ಹೋಗಿ ಫ್ಯಾನ್ ನಿಂತರೆ ಒಳಗೆ ಉಸಿರುಗಟ್ಟುವ ಸೆಕೆ. ಎದೆಬಡಿತದ ಸದ್ದು ಮಾಡುವ ಬೊಂಬೆಗಿಂತ ನಾನು ಉಟ್ಟು ಬಿಟ್ಟ ಕಾಟನ್ ಸೀರೆಯ ತುಂಡನ್ನು ಕ್ರೇಟ್‌ನ ಹೊರಗೆ ಕಟ್ಟಿದ್ದೇ ಚುಕ್ಕಿಗೆ ಹಿತವಾಯಿತು.

ನನಗೆ ಮಲಗುವುದು ಹನ್ನೊಂದು, ಎಂಟಕ್ಕೆ ಆಫೀಸ್ ಬಸ್. ಐದರಿಂದ ಆರೂವರೆವರೆಗಿನ ನಿದ್ದೆ ಕಳೆದುಕೊಂಡರೆ ಇಡೀ ದಿನ ಕೆಡುತ್ತದೆ. ಅದಕ್ಕೇ ಕ್ರೇಟ್‌ಗೆ ಕೊಟ್ಟ 3,200 ರೂಪಾಯಿ ನನಗೆ ಭಾರ ಅನ್ನಿಸಿಲ್ಲ. ಪ್ಲೇಪೆನ್‌ಗೆ ಅದಕ್ಕಿಂತ ಹೆಚ್ಚೇ ಆಗಿತ್ತು. ಐದಕ್ಕೇ ಎದ್ದು ವಾಕಿಂಗ್ ಹೋಗುವವರು ಮನೆಯಲ್ಲಿದ್ದು, ನೆಲಮಹಡಿಯಲ್ಲಿ ಸ್ವಂತ ಅಂಗಳವೂ ಇದ್ದರೆ ಪ್ಲೇಪೆನ್ ಸಾಕು, ಎರಡನ್ನೂ ಕೊಳ್ಳಬೇಕಿಲ್ಲ. ಯುಟಿಲಿಟಿಯನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

ಕೈ ಬಿಗಿಯಾಗಿದ್ದರೆ ಸೆಕೆಂಡ್ ಹ್ಯಾಂಡ್ ಕ್ರೇಟ್ ತನ್ನಿ, ನಾಯಿ ದೊಡ್ಡದಾದ ಮೇಲೆ ಮಾರುವವರು ಬೇಕಾದಷ್ಟು ಜನ. ಮರಿಯನ್ನು ಒಳಗೆ ಬಿಡುವ ಮೊದಲು ಸೋಪಿನಲ್ಲಿ ತೊಳೆದು, ಮೂವತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಸವರಿ, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆದು ಬಿಸಿಲಲ್ಲಿ ಒಣಗಿಸಿ. ಬರೀ ಸೋಪಿಗೆ ಪಾರ್ವೋ ಸಾಯುವುದಿಲ್ಲ.