ಬ್ರೆಝಾ: ಹಳೇ ಡೀಸೆಲ್ಲೋ, ನಡುವಿನ ಪೆಟ್ರೋಲೋ, ಈಗಿನದೋ?

ಮಾರುತಿಯ ಸಣ್ಣ ಎಸ್‌ಯುವಿ ಬ್ರೆಝಾವನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳೋಣ ಅಂತಿದ್ದೇವೆ, ಯಾವ ವರ್ಷದ್ದು ಒಳ್ಳೇದು ಅಂತ ನೆಂಟರಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ಕೇಳುವುದಕ್ಕೆ ಕಾರಣ ಇದೆ. ನಮ್ಮ ಮನೆತನದಲ್ಲಿ ಮೂರು ಬ್ರೆಝಾ ಇವೆ. ಅಣ್ಣನದು 2017ರ ಡೀಸೆಲ್. ಅಕ್ಕ–ಭಾವನದು 2020ರ ಪೆಟ್ರೋಲ್ ಆಟೊಮ್ಯಾಟಿಕ್. ನಮ್ಮದು 2022ರ ಹೊಸ ಮಾದರಿ, ಅದೂ ಆಟೊಮ್ಯಾಟಿಕ್. ಮೂರನ್ನೂ ನಾನು ಓಡಿಸಿದ್ದೇನೆ. ಅದೂ ಒಂದೇ ದಾರಿಯಲ್ಲಿ: ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು, ಸೋಮೇಶ್ವರ, ಹೆಬ್ರಿ ಮೇಲೆ ಉಡುಪಿ. ಮತ್ತೆ ಅದೇ ದಾರಿಯಲ್ಲಿ ಮೇಲಕ್ಕೆ. ಹಿಂದಿನ ಸೀಟಲ್ಲಿ ಅಮ್ಮ, ಮಕ್ಕಳು. ಡಿಕ್ಕಿ ತುಂಬ ಲಗೇಜು.

ಗಾಡಿಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ರಸ್ತೆ ನನಗೆ ಗೊತ್ತಿಲ್ಲ. ತೀರ್ಥಹಳ್ಳಿ ಕಡೆ ತಿರುವು ತಿರುವಿನ ಕಾಡುದಾರಿ. ಘಾಟಿಯಲ್ಲಿ ಗಾಡಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸುವಂಥ 14 ಹೇರ್‌ಪಿನ್ ತಿರುವು. ಕೆಳಗಿಳಿದ ಮೇಲೆ ಕರಾವಳಿಯ ಸೆಕೆ. ಎಂಜಿನ್, ಬ್ರೇಕು, ಸೀಟು, ಎಸಿ ಎಲ್ಲದಕ್ಕೂ ಒಂದೇ ದಿನದಲ್ಲಿ ಪರೀಕ್ಷೆ ಆಗಿಬಿಡುತ್ತದೆ.

ಮೊದಲು ಯಾವುದು ಯಾವಾಗಿನದು ಅಂತ ಹೇಳಿಬಿಡುತ್ತೇನೆ. ವಿಟಾರಾ ಬ್ರೆಝಾ ಬಂದದ್ದು 2016ರ ಮಾರ್ಚ್‌ನಲ್ಲಿ. ಆಗ ಡೀಸೆಲ್ ಬಿಟ್ಟರೆ ಬೇರೆ ಎಂಜಿನ್ನೇ ಇರಲಿಲ್ಲ. 1.3 ಲೀಟರಿನ ಫಿಯಟ್ ಮೂಲದ ಎಂಜಿನ್, 90 ಪಿಎಸ್ ಶಕ್ತಿ, 200 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ. 2020ರ ಏಪ್ರಿಲ್‌ನಿಂದ ಹೊಗೆ ಕಡಿಮೆ ಮಾಡುವ ಬಿಎಸ್6 ನಿಯಮ ಬಂತು. ಮಾರುತಿ ಡೀಸೆಲ್ ನಿಲ್ಲಿಸಿತು. ಅದಕ್ಕೆ ಸ್ವಲ್ಪ ಮುಂಚೆ, ಫೆಬ್ರವರಿಯಲ್ಲಿ, ಅದೇ ಬಾಡಿಯೊಳಗೆ 1.5 ಲೀಟರ್ ಪೆಟ್ರೋಲ್ ಎಂಜಿನ್ ಕೂರಿಸಿತು. ಮುಂಭಾಗ ಒಂಚೂರು ತಿದ್ದಿತು. ಹಾಗಾಗಿ 2020ರದ್ದು ಲೆಕ್ಕಕ್ಕೆ ಹೊಸ ತಲೆಮಾರಲ್ಲ. ಆದರೆ ಓಡಿಸುವವನಿಗೆ ಅದು ಬೇರೆಯದೇ ಗಾಡಿ. 2022ರ ಜೂನ್ 30ಕ್ಕೆ ನಿಜವಾದ ಎರಡನೇ ತಲೆಮಾರು ಬಂತು. ಹೆಸರಿನಿಂದ ವಿಟಾರಾ ಹೋಯಿತು, ಬರೀ ಬ್ರೆಝಾ ಉಳಿಯಿತು.

ಇನ್ನು ಘಾಟಿಗೆ ಬರೋಣ. ಸೋಮೇಶ್ವರದ ಕಡೆಯಿಂದ ಹತ್ತುವಾಗಲೇ ಮೂರರ ಗುಣವೂ ಹೊರಗೆ ಬರುತ್ತದೆ.

ಅಣ್ಣನ ಡೀಸೆಲ್ಲಿನಲ್ಲಿ 200 ಎನ್‌ಎಂ ಟಾರ್ಕು 1750 ಆರ್‌ಪಿಎಂಗೇ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗಲೇ ಸಿಗುತ್ತದೆ. ಕಾಗದದ ಮೇಲೆ ಇದು ಒಂದು ಅಂಕಿ ಅಷ್ಟೆ. ಐದು ಜನ ಕೂತು, ಎಸಿ ಹಾಕಿ, ಡಿಕ್ಕಿಯಲ್ಲಿ ಒಂದು ಮೂಟೆ ಅಕ್ಕಿ ಇಟ್ಟುಕೊಂಡು ಹತ್ತುವಾಗ ಅದರ ಅರ್ಥ ಗೊತ್ತಾಗುತ್ತದೆ. ಎರಡು ತಿರುವುಗಳ ನಡುವಿನ ಏರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ, ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಸಾಕು. ಗಾಡಿ ಗಟ್ಟಿಯಾಗಿ ಎಳೆಯುತ್ತದೆ. ಎಂಜಿನ್ ಕಿರುಚುವುದಿಲ್ಲ.

ಆದರೆ ತಿರುವಿನ ಒಳಗೆ ಕಥೆ ಬೇರೆ. ಹೇರ್‌ಪಿನ್‌ನಲ್ಲಿ ವೇಗ ಇಳಿದು ಆರ್‌ಪಿಎಂ 1500ರ ಹತ್ತಿರ ಬಂತು ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಕೊಡುವ ಟರ್ಬೊ ಮಲಗಿಬಿಡುತ್ತದೆ. ಪೆಡಲ್ ಒತ್ತಿದರೂ ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಹೊಸಬರು ಇಲ್ಲಿ ಗಾಬರಿಯಾಗಿ ಹಾಫ್ ಕ್ಲಚ್ ಹಿಡಿಯುತ್ತಾರೆ, ಕ್ಲಚ್ ಪ್ಲೇಟ್ ಸುಡುತ್ತದೆ. ಅಣ್ಣ ಪಕ್ಕದಲ್ಲಿ ಕೂತು ಹೇಳಿಕೊಟ್ಟದ್ದು ಇಷ್ಟೆ: "ಒಳಗಡೆ ತಿರುವು ಕಡಿದಾಗಿದ್ರೆ ಮುಂಚೇನೇ ಫಸ್ಟಿಗೆ ಹಾಕು. ತಿರುವಿನ ಮಧ್ಯೆ ಯೋಚನೆ ಮಾಡ್ಬೇಡ." ಅದನ್ನು ಪಾಲಿಸಿದರೆ ಈ ಡೀಸೆಲ್ಲಿನಷ್ಟು ನಿರಾಳವಾಗಿ ಘಾಟಿ ಹತ್ತುವ ಬ್ರೆಝಾ ಮತ್ತೊಂದಿಲ್ಲ. ಈ ಮಾತನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಭಾವನ 2020ರ ಪೆಟ್ರೋಲ್ ಇದಕ್ಕೆ ಪೂರ್ತಿ ವಿರುದ್ಧ. 105 ಪಿಎಸ್ ಅಂತ ಕೇಳಿದರೆ ಡೀಸೆಲ್ಲಿಗಿಂತ ಜಾಸ್ತಿ ಅಲ್ವಾ ಅನಿಸುತ್ತದೆ. ಆದರೆ ಟಾರ್ಕು 138 ಎನ್‌ಎಂ ಮಾತ್ರ. ಅದೂ ಪೂರ್ತಿ ಸಿಗುವುದು 4400 ಆರ್‌ಪಿಎಂಗೆ. ಜೊತೆಗೆ ಆಟೊಮ್ಯಾಟಿಕ್‌ನಲ್ಲಿ ಇರುವುದು ನಾಲ್ಕೇ ಗೇರು. ಒಂದು ಗೇರಿಗೂ ಇನ್ನೊಂದಕ್ಕೂ ನಡುವೆ ಅಂತರ ದೊಡ್ಡದು. ಏರಿನಲ್ಲಿ ಮೂರನೇ ಗೇರಿನಲ್ಲಿ ಶಕ್ತಿ ಸಾಲುವುದಿಲ್ಲ. ಕಾಲು ಒತ್ತಿದರೆ ಎರಡಕ್ಕೆ ಇಳಿದು ಎಂಜಿನ್ ಕೂಗುತ್ತದೆ. ಸ್ವಲ್ಪ ಕಾಲು ಸಡಿಲಿಸಿದರೆ ಮತ್ತೆ ಮೂರಕ್ಕೆ ಹೋಗಿ ಸೋಲುತ್ತದೆ. ಇದೇ ಆಟ ಘಾಟಿ ಮುಗಿಯುವ ತನಕ. ಇದಕ್ಕೊಂದು ಉಪಾಯ ಇದೆ. ಗೇರ್ ಲಿವರನ್ನು ಡಿ (ಡ್ರೈವ್) ಗುರುತಿನಿಂದ 2ಕ್ಕೆ ಎಳೆದು ಅಲ್ಲೇ ಬಿಡಿ. ಸದ್ದು ಜಾಸ್ತಿ ಇರುತ್ತದೆ, ಆದರೆ ಗೇರಿನ ಓಲಾಟ ನಿಲ್ಲುತ್ತದೆ. ಹಿಂದೆ ಕೂತ ಮಕ್ಕಳ ಹೊಟ್ಟೆ ತೊಳಸುವುದೂ ಕಡಿಮೆಯಾಗುತ್ತದೆ. ಇಳಿಯುವಾಗಲೂ ಅದೇ 2. ಬ್ರೇಕನ್ನೇ ನೆಚ್ಚಿಕೊಂಡು ಡಿಯಲ್ಲಿ ಇಳಿದರೆ ಕೆಳಗೆ ಹೋಗುವಷ್ಟರಲ್ಲಿ ಬ್ರೇಕು ಬಿಸಿಯಾಗಿ ವಾಸನೆ ಬರುತ್ತದೆ.

ನಮ್ಮ 2022ರದ್ದರಲ್ಲೂ 1.5 ಲೀಟರ್ ಪೆಟ್ರೋಲೇ. ಶಕ್ತಿ ಒಂಚೂರು ಕಡಿಮೆಯೇ, 103 ಪಿಎಸ್. ಟಾರ್ಕು 137 ಎನ್‌ಎಂ. ಅಂಕಿ ನೋಡಿದರೆ ಭಾವನ ಗಾಡಿಗೂ ಇದಕ್ಕೂ ಏನು ವ್ಯತ್ಯಾಸ ಅನಿಸಬೇಕು. ವ್ಯತ್ಯಾಸ ಇರುವುದು ಗೇರ್‌ಬಾಕ್ಸಿನಲ್ಲಿ. ಆರು ಗೇರು ಇವೆ, ಸ್ಟೀರಿಂಗ್ ಹಿಂದೆ ಬೆರಳಲ್ಲೇ ಗೇರು ಬದಲಿಸುವ ಪ್ಯಾಡಲ್ ಇದೆ. ತಿರುವಿಗೆ ಮುಂಚೆ ಎಡಗೈ ಬೆರಳಲ್ಲಿ ಒಮ್ಮೆ ಎಳೆದರೆ ಗೇರು ಇಳಿಯುತ್ತದೆ, ಅಲ್ಲೇ ನಿಲ್ಲುತ್ತದೆ. ಗೇರುಗಳು ಹತ್ತಿರ ಹತ್ತಿರ ಇರುವುದರಿಂದ ಎಂಜಿನ್ ಒಮ್ಮೆಲೇ ಬೊಬ್ಬೆ ಹಾಕುವುದಿಲ್ಲ. ಡೀಸೆಲ್ಲಿನ ಆ ಎಳೆತ ಇದರಲ್ಲಿ ಇಲ್ಲ. ಗಾಡಿ ತುಂಬಿದ್ದಾಗ ಬಸ್ಸನ್ನು ಓವರ್‌ಟೇಕ್ ಮಾಡಬೇಕೆಂದರೆ ಈಗಲೂ ಮುಂಚೆಯೇ ಲೆಕ್ಕ ಹಾಕಬೇಕು. ಆದರೆ ಹತ್ತುವುದು, ಇಳಿಯುವುದು ಎರಡೂ ನಯವಾಗಿ ಆಗುತ್ತದೆ.

ಇನ್ನೊಂದು ಮುಖ್ಯ ವಿಷಯ. 2022ರಿಂದ ಎಲ್ಲ ವೇರಿಯಂಟಿಗೂ ಗಾಡಿ ಜಾರಿ ಹಿಡಿತ ತಪ್ಪದಂತೆ ನೋಡುವ ಇಎಸ್‌ಪಿ, ಏರಿನಲ್ಲಿ ಹಿಂದಕ್ಕೆ ಹೋಗದಂತೆ ತಡೆಯುವ ಹಿಲ್ ಹೋಲ್ಡ್ ಕೊಟ್ಟಿದ್ದಾರೆ. ಆಗುಂಬೆಯ ಮಳೆ ನೋಡಿದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಜುಲೈಯಲ್ಲಿ ರಸ್ತೆ ಮೇಲೆ ಪಾಚಿ, ಎಲೆ, ಹರಿಯುವ ನೀರು. ಎದುರಿನಿಂದ ಬಸ್ಸು ಬಂದು ತಿರುವಿನಲ್ಲೇ ನಿಲ್ಲಿಸಬೇಕಾಗುತ್ತದೆ. ಏರಿನಲ್ಲಿ ಹಿಂದಕ್ಕೆ ಜಾರದೆ ಗಾಡಿ ನಿಂತರೆ ಅರ್ಧ ಭಯ ಹೋಗುತ್ತದೆ.

ಇಷ್ಟು ಓಡಿಸುವವರ ಮಾತಾಯಿತು. ಸಂಸಾರಕ್ಕೆ ಅಂತ ಗಾಡಿ ತಗೊಳ್ಳುವಾಗ ನಾನು ಇದಕ್ಕಿಂತ ಹೆಚ್ಚು ಬೆಲೆ ಕೊಡುವುದು ಹಿಂದಿನ ಸೀಟಿಗೆ.

ಅಮ್ಮನಿಗೆ ಮಂಡಿ ನೋವು. ಸಣ್ಣ ಕಾರಿಗೆ ಅವಳು ಬಗ್ಗಿ ಇಳಿಯಬೇಕು. ದೊಡ್ಡ ಎಸ್‌ಯುವಿಗೆ ಹತ್ತಬೇಕು. ಬ್ರೆಝಾದಲ್ಲಿ ಎರಡೂ ಬೇಡ. ಸೀಟಿನ ಎತ್ತರ ಅವಳ ಸೊಂಟದ ಮಟ್ಟಕ್ಕೆ ಬರುತ್ತದೆ. ಮೊದಲು ಅಡ್ಡ ಕೂತು, ಮೇಲಿನ ಹಿಡಿ ಹಿಡಿದು, ಆಮೇಲೆ ಕಾಲನ್ನು ಒಳಗೆ ಎಳೆದುಕೊಳ್ಳುತ್ತಾಳೆ. ಇದು ಮೂರರಲ್ಲೂ ಒಂದೇ. ಈ ಗಾಡಿ ನಮ್ಮ ಮನೆಗೆ ಮೂರು ಸಲ ಬರಲು ನಿಜವಾದ ಕಾರಣ ಇದೇ ಅಂದುಕೊಂಡಿದ್ದೇನೆ.

ಕೂತ ಮೇಲೆ ಮಾತ್ರ ವ್ಯತ್ಯಾಸ ಶುರುವಾಗುತ್ತದೆ. ಮೊದಲ ತಲೆಮಾರಿನ ಸಸ್ಪೆನ್ಷನ್ ಬಿಗಿ. ಹೈವೇಯಲ್ಲಿ ಅದು ಒಳ್ಳೆಯದೇ, ಗಾಡಿ ತೂಗಾಡುವುದಿಲ್ಲ. ಆದರೆ ಊರೊಳಗಿನ ಹಂಪು, ಗುಂಡಿಗಳಲ್ಲಿ ನಿಧಾನಕ್ಕೆ ಹೋಗುವಾಗ ಹಿಂದೆ ಕೂತವರಿಗೆ ಸರಿಯಾಗಿ ಕುಕ್ಕುತ್ತದೆ. ಡೀಸೆಲ್ಲಿನ ಸದ್ದೂ ಒಳಗೆ ಬರುತ್ತದೆ. ಒಳಗೆಲ್ಲ ಕಪ್ಪು ಬಣ್ಣ. 2020ರದ್ದರಲ್ಲಿ ಸದ್ದು ಹೋಯಿತು, ಕುಕ್ಕುವುದು ಹಾಗೇ ಉಳಿಯಿತು. 2022ರದ್ದರಲ್ಲಿ ಎರಡೂ ಕಡಿಮೆ.

ಎಲ್ಲಕ್ಕಿಂತ ಮುಖ್ಯವಾಗಿ, ಹಳೇ ಬಾಡಿಯಲ್ಲಿ ಹಿಂದಿನವರಿಗೆ ಎಸಿ ವೆಂಟ್ ಇರಲಿಲ್ಲ. 2016ರಿಂದ 2022ರ ತನಕ ಇದೇ ಕಥೆ. ಆಗುಂಬೆಯ ತಂಪಿನಿಂದ ಇಳಿದು ಹೆಬ್ರಿ ದಾಟಿದರೆ ಸೆಕೆ ಹೊಡೆಯುತ್ತದೆ. ಮುಂದೆ ಕೂತವರು ಚಳಿ ಅನ್ನುತ್ತಿದ್ದರೆ ಹಿಂದೆ ಕೂತವರು ಬೆವರು ಒರೆಸಿಕೊಳ್ಳುತ್ತಿರುತ್ತಾರೆ. ಅಣ್ಣನ ಗಾಡಿಯಲ್ಲಿ ಅತ್ತಿಗೆ ಮುಂದಿನ ವೆಂಟನ್ನು ಮೇಲಕ್ಕೆ ತಿರುಗಿಸಿ, ಬ್ಲೋವರನ್ನು ಪೂರ್ತಿ ಏರಿಸಿ, ಹೇಗೋ ಹಿಂದಕ್ಕೆ ಗಾಳಿ ಕಳಿಸುತ್ತಾರೆ. ಆ ಸದ್ದಿನಲ್ಲಿ ಮಾತೇ ಕೇಳಿಸುವುದಿಲ್ಲ. 2022ರಲ್ಲಿ ಹಿಂದಿನ ವೆಂಟ್ ಬಂತು. ಸನ್‌ರೂಫು, ಹೆಡ್‌ಅಪ್ ಡಿಸ್‌ಪ್ಲೇ, 360 ಡಿಗ್ರಿ ಕ್ಯಾಮೆರಾ ಅಂತ ಜಾಹೀರಾತಿನಲ್ಲಿ ಏನೇನೋ ಹೇಳಿದರು. ನಮ್ಮ ಮನೆಯಲ್ಲಿ ದಿನಾ ಕೆಲಸಕ್ಕೆ ಬರುವುದು ಆ ಎರಡು ವೆಂಟುಗಳು. ಸನ್‌ರೂಫ್ ಮಕ್ಕಳಿಗೆ ಖುಷಿ, ಅಷ್ಟೆ. ಘಾಟಿಯಲ್ಲಿ ನಿಲ್ಲಿಸಿದಾಗ ಅದನ್ನು ತೆರೆಯಬೇಡಿ. ಅಲ್ಲಿನ ಕೋತಿಗಳು ತಿಂಡಿ ಪೊಟ್ಟಣ ಎಲ್ಲಿದ್ದರೂ ಬರುತ್ತವೆ.

ಡಿಕ್ಕಿ ಮೂರರಲ್ಲೂ 328 ಲೀಟರ್. ಉದ್ದವೂ ಅದೇ 3995 ಮಿಲಿಮೀಟರ್. ಆಗುಂಬೆಯ ಇಕ್ಕಟ್ಟಿನ ತಿರುವಿನಲ್ಲಿ ಈ ಗಿಡ್ಡ ಗಾತ್ರ ವರವೇ. 2023ರಲ್ಲಿ ಬಂದ ಸಿಎನ್‌ಜಿ ಮಾದರಿಯಲ್ಲಿ ಮಾತ್ರ ಸಿಲಿಂಡರು ಡಿಕ್ಕಿಯನ್ನೇ ನುಂಗುತ್ತದೆ, ಟಾರ್ಕೂ 121.5 ಎನ್‌ಎಂಗೆ ಇಳಿಯುತ್ತದೆ. ಊರಿಗೆ ಹೋಗಿ ತೆಂಗಿನಕಾಯಿ, ಅಕ್ಕಿ ತರುವ ಸಂಸಾರಕ್ಕೆ ಅದು ಬೇಡ.

ಮೈಲೇಜಿನ ಮಾತು. ಕಂಪನಿ ಹೇಳುವ, ಎಆರ್‌ಎಐ ಎಂಬ ಪರೀಕ್ಷಾ ಸಂಸ್ಥೆಯ ಲೆಕ್ಕ ಲೀಟರಿಗೆ ಹೀಗಿದೆ: ಡೀಸೆಲ್ 24.3, 2020ರ ಆಟೊಮ್ಯಾಟಿಕ್ 18.76, 2022ರ ಆಟೊಮ್ಯಾಟಿಕ್ 19.80 ಕಿಲೋಮೀಟರ್. ನಮ್ಮ ಕೈಗೆ ಸಿಗುವುದು ಬೇರೆ. ಅಣ್ಣನ ಡೀಸೆಲ್ ಈ ದಾರಿಯಲ್ಲಿ ಲೀಟರಿಗೆ ಇಪ್ಪತ್ತರ ಹತ್ತಿರ ಕೊಡುತ್ತದೆ. ನಮ್ಮದು ಹದಿನಾರು, ಹದಿನೇಳು. ಭಾವನದು ಹದಿನಾಲ್ಕು ದಾಟಿದರೆ ಅವರು ಫೋನ್ ಮಾಡಿ ಹೇಳುತ್ತಾರೆ. ಊರೊಳಗಿನ ಟ್ರಾಫಿಕ್ಕಿನಲ್ಲಿ ಎರಡೂ ಪೆಟ್ರೋಲು ಹತ್ತು, ಹನ್ನೆರಡಕ್ಕೆ ಬಂದು ನಿಲ್ಲುತ್ತವೆ.

ದುಡ್ಡಿನ ಲೆಕ್ಕದಲ್ಲಿ ಒಂದು ಸೂಕ್ಷ್ಮ ಇದೆ. ನಾಲ್ಕು ಮೀಟರಿಗಿಂತ ಗಿಡ್ಡ ಇರುವ ಗಾಡಿಗೆ ತೆರಿಗೆ ಕಡಿಮೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಎಂಜಿನ್ನೂ ಸಣ್ಣದಿರಬೇಕು: ಡೀಸೆಲ್ ಆದರೆ 1500 ಸಿಸಿ ಒಳಗೆ, ಪೆಟ್ರೋಲ್ ಆದರೆ 1200 ಸಿಸಿ ಒಳಗೆ. ಹಳೇ 1248 ಸಿಸಿ ಡೀಸೆಲ್ಲಿಗೆ ಆ ರಿಯಾಯಿತಿ ಸಿಗುತ್ತಿತ್ತು. 1462 ಸಿಸಿ ಪೆಟ್ರೋಲಿಗೆ ಸಿಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ ಜಿಎಸ್‌ಟಿ ಶೇ. 18ಕ್ಕೆ ಇಳಿದಾಗಲೂ ಬ್ರೆಝಾ ಶೇ. 40ರ ಪಟ್ಟಿಯಲ್ಲೇ ಉಳಿಯಿತು. ಅದರ ಮೇಲೆ ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸು. ಹತ್ತು ಲಕ್ಷ ದಾಟಿ ಇಪ್ಪತ್ತು ಲಕ್ಷದೊಳಗಿನ ಗಾಡಿಗೆ ಶೇ. 17, ಜೊತೆಗೆ ಸೆಸ್. ಸೆಕೆಂಡ್ ಹ್ಯಾಂಡ್ ನೋಡುವವರ ಸಂಖ್ಯೆ ಸುಮ್ನೆ ಜಾಸ್ತಿ ಆಗಿಲ್ಲ. ಮೊದಲ ಮಾಲೀಕ ಆ ತೆರಿಗೆಯನ್ನೆಲ್ಲ ಕಟ್ಟಿಬಿಟ್ಟಿರುತ್ತಾನೆ.

ಹಾಗಾದರೆ ಯಾವುದು? ನನ್ನ ಉತ್ತರ: ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರೆ, ದುಡ್ಡು ಹೊಂದಿಸಲು ಆದರೆ, 2022ರ ನಂತರದ ಆಟೊಮ್ಯಾಟಿಕ್. ಎಲ್ಲಕ್ಕಿಂತ ಕೆಳಗಿನ ವೇರಿಯಂಟಾದ ಎಲ್‌ಎಕ್ಸ್‌ಐಯಲ್ಲಿ ಆಟೊಮ್ಯಾಟಿಕ್ ಇಲ್ಲ, ಅದರ ಮೇಲಿನ ವಿಎಕ್ಸ್‌ಐಯಿಂದ ಶುರು. ಬಂದ ಹೊಸತರಲ್ಲಿ 6 ಏರ್‌ಬ್ಯಾಗ್ ಇದ್ದದ್ದು ಮೇಲಿನ ಝಡ್‌ಎಕ್ಸ್‌ಐ ಪ್ಲಸ್‌ನಲ್ಲಿ ಮಾತ್ರ, ಅದನ್ನು ನೋಡಿಕೊಂಡು ಹುಡುಕಿ.

ವಾರಕ್ಕೊಮ್ಮೆ ಊರು, ಪೇಟೆ ಅಂತ ಓಡಾಡುವವರು, ಗಾಡಿ ತುಂಬಿಕೊಂಡು ಘಾಟಿ ಹತ್ತುವವರು, ಕ್ಲಚ್ ಒತ್ತಲು ಬೇಸರ ಇಲ್ಲದವರು ಹಳೇ ಡೀಸೆಲ್ಲನ್ನು ಕಣ್ಣು ಮುಚ್ಚಿ ಬಿಟ್ಟುಬಿಡಬೇಡಿ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವುದಕ್ಕೆ ಎದ್ದ ತಕರಾರು ನಮ್ಮಲ್ಲಿಲ್ಲ. ನೋಂದಣಿ, ಅಂದರೆ ಆರ್‌ಸಿ, 15 ವರ್ಷದ್ದು. ಆದರೆ ತಗೊಳ್ಳುವುದಾದರೆ 2018ರ ಮೇ ನಂತರದ್ದನ್ನೇ ಹುಡುಕಿ. ಅಲ್ಲಿಂದ ಎಲ್ಲ ವೇರಿಯಂಟಿಗೂ ಎರಡು ಏರ್‌ಬ್ಯಾಗು, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡುವ ಎಬಿಎಸ್ ಬಂದಿವೆ. ಅದಕ್ಕೂ ಮುಂಚಿನ ಕೆಳ ವೇರಿಯಂಟುಗಳಲ್ಲಿ ಅವು ಆಯ್ಕೆಗೆ ಬಿಟ್ಟದ್ದಾಗಿತ್ತು. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ಈ ಗಾಡಿಗೆ ದೊಡ್ಡವರ ರಕ್ಷಣೆಗೆ 4 ಸ್ಟಾರ್ ಬಂದದ್ದು ಎರಡು ಏರ್‌ಬ್ಯಾಗ್ ಇದ್ದ ಮಾದರಿಗೆ. ಮಕ್ಕಳ ರಕ್ಷಣೆಗೆ ಸಿಕ್ಕಿದ್ದು 2 ಸ್ಟಾರ್. ಚಿಕ್ಕ ಮಗು ಇದ್ದರೆ ಚೈಲ್ಡ್ ಸೀಟಿಗೆ ಬೇರೆಯಾಗಿ ದುಡ್ಡು ತೆಗೆದಿಡಿ.

2020–22ರ ಪೆಟ್ರೋಲನ್ನು ನಾನು ಘಾಟಿಯವರಿಗೆ ಹೇಳುವುದಿಲ್ಲ. ಬೆಂಗಳೂರು, ಮೈಸೂರು, ದಾವಣಗೆರೆಯ ಸಪಾಟು ರಸ್ತೆಗಳಲ್ಲಿ, ತಿಂಗಳಿಗೆ ಕಡಿಮೆ ಓಡಿಸುವವರಿಗೆ ಅದು ಕಮ್ಮಿ ರಗಳೆಯ ಗಾಡಿ. ಅದರಲ್ಲೂ ಮ್ಯಾನುವಲ್ ತಗೊಂಡರೆ ನಾಲ್ಕು ಗೇರಿನ ಓಲಾಟವೂ ಇರುವುದಿಲ್ಲ. ಒಂದು ಮಾತ್ರ ನೆನಪಿರಲಿ: ಪೆಟ್ರೋಲ್ ಗಾಡಿಗಳು ಇ20ಗೆ, ಅಂದರೆ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಹೊಂದುವಂತೆ ತಯಾರಾಗತೊಡಗಿದ್ದು 2023ರ ಏಪ್ರಿಲ್‌ನಿಂದ. ಅದಕ್ಕೂ ಮುಂಚಿನದ್ದಾದರೆ ಪೆಟ್ರೋಲ್ ಪೈಪು, ರಬ್ಬರ್ ಸೀಲುಗಳನ್ನು ಮೆಕ್ಯಾನಿಕ್ ಕೈಲಿ ಒಮ್ಮೆ ನೋಡಿಸಿ.

ಟೆಸ್ಟ್ ಡ್ರೈವಿಗೆ ಒಬ್ಬರೇ ಹೋಗಬೇಡಿ. ಮನೆಯವರನ್ನೆಲ್ಲ ಕೂರಿಸಿ. ಎಸಿ ಹಾಕಿ. ಹತ್ತಿರದಲ್ಲಿ ಯಾವುದಾದರೂ ಏರು ಇದ್ದರೆ ಅರ್ಧದಲ್ಲಿ ನಿಲ್ಲಿಸಿ, ಅಲ್ಲಿಂದ ಎತ್ತಿ ನೋಡಿ. ಡೀಸೆಲ್ಲಾದರೆ ಆಗಲೇ ಕ್ಲಚ್ಚಿನ ಸ್ಥಿತಿ ಗೊತ್ತಾಗುತ್ತದೆ. ಆರ್‌ಪಿಎಂ ಏರಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟಿನ ಖರ್ಚನ್ನು ಮೊದಲೇ ಬೆಲೆಯಲ್ಲಿ ಕಳೆಯಿರಿ. ಆಮೇಲೆ ಸ್ಟೀರಿಂಗನ್ನು ಬೇರೆಯವರಿಗೆ ಕೊಟ್ಟು, ನೀವು ಹಿಂದಿನ ಸೀಟಿನ ನಡುವಿನ ಜಾಗದಲ್ಲಿ ಹತ್ತು ನಿಮಿಷ ಕೂತು ಬನ್ನಿ.