ಗ್ಲೂಕೋಮೀಟರ್ ಸಾಕೋ, ಸೆನ್ಸರ್ ಬೇಕೋ?

ಮಧುಮೇಹ ಇರುವವರು ಬಳಸುವ ಗ್ಲೂಕೋಮೀಟರ್ ಬೆರಳಿನ ಒಂದು ಹನಿ ರಕ್ತದಿಂದ ಆ ಕ್ಷಣದ ಸಕ್ಕರೆ ಮಟ್ಟವನ್ನು ಹೇಳುತ್ತದೆ. ತೋಳಿಗೆ ಅಂಟಿಸುವ ಸೆನ್ಸರ್ ಚರ್ಮದಡಿಯ ದ್ರವದಲ್ಲಿನ ಗ್ಲೂಕೋಸನ್ನು ಕೆಲವೇ ನಿಮಿಷಗಳಿಗೊಮ್ಮೆ ಅಳೆಯುತ್ತದೆ. ಸಾಮಾನ್ಯವಾಗಿ 10ರಿಂದ 14 ದಿನ ಬಾಳುತ್ತದೆ.

ಸೆನ್ಸರಿನ ಮಹತ್ವ ತಿಳಿಯುವುದು ರಾತ್ರಿ. ಮಲಗುವಾಗ ಮೀಟರ್ 140 ತೋರಿಸಿತು, ಬೆಳಿಗ್ಗೆ 130. ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತೇವೆ. ನಡುರಾತ್ರಿ ಎರಡಕ್ಕೆ ಅದು 60ಕ್ಕೆ ಕುಸಿದು, ಮೈ ಬೆವರಿ ಮತ್ತೆ ಏರಿದ್ದು ಮೀಟರಿಗೆ ತಿಳಿಯುವುದೇ ಇಲ್ಲ. ಎಚ್ಚರಿಕೆಯ ಸದ್ದು ಮಾಡುವ ಸೆನ್ಸರ್ ಆಗಲೇ ಎಬ್ಬಿಸುತ್ತದೆ. ಹೀಗಾಗಿ ದಿನಕ್ಕೆ ಹಲವು ಬಾರಿ ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ಇಳಿದರೂ ಲಕ್ಷಣ ಗೊತ್ತಾಗದವರು ಕೈಗೆಟುಕುವುದಾದರೆ ಸೆನ್ಸರನ್ನೇ ಆರಿಸಿಕೊಳ್ಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಆದರೆ ಸೆನ್ಸರಿನ ಅಂಕಿ ರಕ್ತದ ಮಟ್ಟಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಆ ತೋಳಿನ ಮೇಲೆಯೇ ಒರಗಿ ಮಲಗಿದರೆ ಸುಳ್ಳು ಇಳಿಕೆಯನ್ನೂ ತೋರಿಸಬಹುದು. ದೇಹ ಒಂದು ಹೇಳಿ ಸೆನ್ಸರ್ ಇನ್ನೊಂದು ಹೇಳಿದಾಗ ಬೆರಳು ಚುಚ್ಚಿ ನೋಡಲೇಬೇಕು. ಸೆನ್ಸರ್ ಕೊಂಡವರೂ ಮೀಟರನ್ನು ಎಸೆಯಬಾರದು.

ಆಹಾರ, ನಡಿಗೆ ಮತ್ತು ಸಕ್ಕರೆಯನ್ನು ತೀರಾ ಇಳಿಸದ ಮಾತ್ರೆಗಳಲ್ಲೇ ನಿಯಂತ್ರಣದಲ್ಲಿರುವವರಿಗೆ ಮೀಟರ್ ಸಾಕು. ಊಟಕ್ಕೆ ಮುಂಚೆ ಒಮ್ಮೆ, ಊಟ ಆರಂಭಿಸಿದ ಎರಡು ಗಂಟೆಯ ನಂತರ ಒಮ್ಮೆ ನೋಡಿದರೆ ಯಾವ ಊಟ ಒಗ್ಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಕೈ ತೊಳೆದು ಒರೆಸಿಕೊಳ್ಳಿ. ಬೆರಳಿಗಂಟಿದ ಹಣ್ಣಿನ ರಸವೂ ಅಂಕಿಯನ್ನು ಏರಿಸುತ್ತದೆ. ತುದಿಯ ನಡುವೆ ಚುಚ್ಚದೆ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ.

ಎರಡರಲ್ಲಿ ಯಾವುದಿದ್ದರೂ, ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನು ವೈದ್ಯರು ಹೇಳಿದಾಗ ಮಾಡಿಸಿಕೊಳ್ಳಿ.